ಧ್ವನಿಪೆಟ್ಟಿಗೆ ತೆಗೆದ ಮೇಲೆ ಮನೆಯ ಆರೈಕೆ: ಕಫ ಗಟ್ಟಿಯಾಗುತ್ತಿದೆ, ಊಟದ ಟ್ಯೂಬು ಕಟ್ಟಿಕೊಳ್ಳುತ್ತಿದೆ

ಹೊನ್ನಾಳಿ_ಸೀಮೆ

ರೋಗಿಗೆ 61 ವರ್ಷ, ತೂಕ 55 ಕೆಜಿ. ಗಂಟಲು ಕ್ಯಾನ್ಸರಿಗೆ ಟೋಟಲ್ ಲ್ಯಾರಿಂಜೆಕ್ಟಮಿ, ಅಂದರೆ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯುವ ಆಪರೇಷನ್ ಆಗಿದೆ. ಕುತ್ತಿಗೆಯ ಎರಡೂ ಕಡೆ ಗಂಟುಗಳನ್ನೂ ತೆಗೆದಿದ್ದಾರೆ. ಈಗ ಎರಡನೇ ವಾರ ಮುಗಿಯುತ್ತಾ ಬಂತು. ಮೂಗಿನಲ್ಲಿ ಹೊಟ್ಟೆಗೆ ಆಹಾರ ಹಾಕುವ ರೈಲ್ಸ್ ಟ್ಯೂಬ್, ಕುತ್ತಿಗೆಯ ರಂಧ್ರದಲ್ಲಿ ಸಿಲಿಕಾನ್ ಟ್ಯೂಬ್ ಇಟ್ಟುಕೊಂಡೇ ಮನೆಗೆ ಕಳಿಸಿದ್ದಾರೆ. ಶುಗರ್, ಬಿಪಿ ಇಲ್ಲ. ಮುಂದೆ ರೇಡಿಯೇಷನ್ ಇದೆ. ಮಾತಿನ ವಾಲ್ವ್ ಹಾಕಿಲ್ಲ, ಆಮೇಲೆ ನೋಡೋಣ ಎಂದಿದ್ದಾರೆ.

ಕೇಳಬೇಕಾದ್ದು ಇಷ್ಟು. ಬೆಳಗಾಗುವಷ್ಟರಲ್ಲಿ ರಂಧ್ರದ ಸುತ್ತ, ಒಳಗೂ ಕಫ ಹಕ್ಕಳೆ ಕಟ್ಟಿರುತ್ತದೆ, ಉಸಿರು ಶಿಳ್ಳೆ ಹೊಡೆದಂತೆ ಕೇಳುತ್ತದೆ. ಏನು ಮಾಡಬೇಕು? ರಾಗಿ ಗಂಜಿ ಹಾಕಿದರೆ ಮೂಗಿನ ಟ್ಯೂಬು ಕಟ್ಟಿಕೊಳ್ಳುತ್ತದೆ. ಮತ್ತೆ, ಮಾತಿಗೆ ಏನು ದಾರಿ? ಯಾವುದಕ್ಕೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕು, ಯಾವುದಕ್ಕೆ ಬೆಳಗಿನ ತನಕ ಕಾಯಬಹುದು?

ವಾರ್ಡ್_ಅಕ್ಕ

ಮೊದಲು ಒಂದು ವಿಷಯ ಮನೆಯವರೆಲ್ಲರಿಗೂ ಗೊತ್ತಾಗಲಿ. ಈ ಆಪರೇಷನ್ ಆದವರಿಗೆ ಮೂಗು ಬಾಯಿಗೂ ಶ್ವಾಸಕೋಶಕ್ಕೂ ಸಂಬಂಧವೇ ಇರುವುದಿಲ್ಲ. ಶ್ವಾಸನಾಳದ ತುದಿಯನ್ನು ಕುತ್ತಿಗೆಯ ಚರ್ಮಕ್ಕೇ ಹೊಲಿದಿರುತ್ತಾರೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳು ಸೋಸಿ ಕಳಿಸುತ್ತಿತ್ತು. ಈಗ ಒಣ ಗಾಳಿ ನೇರ ಒಳಗೆ ಹೋಗುತ್ತದೆ. ಅದಕ್ಕೆ ಶ್ವಾಸನಾಳ ಹೆಚ್ಚು ಕಫ ಮಾಡುತ್ತದೆ, ಆ ಕಫ ಒಣಗಿ ಹಕ್ಕಳೆಯಾಗುತ್ತದೆ. ಮನೆಗೆ ಹೋದವರಿಗೆ ಬರುವ ತೊಂದರೆಗಳಲ್ಲಿ ಹೆಚ್ಚಿನವು ಈ ಒಣಗುವಿಕೆಯಿಂದಲೇ. ಶಿಳ್ಳೆ ಸದ್ದು ಅಂದರೆ ದಾರಿ ಕಿರಿದಾಗಿದೆ ಎಂದರ್ಥ, ಅದನ್ನು ಹಾಗೇ ಬಿಡಬೇಡಿ.

ಮೆಡಿಕಲ್ ಶಾಪಿನಲ್ಲಿ 100 ಎಂಎಲ್ ನಾರ್ಮಲ್ ಸಲೈನ್ ಬಾಟಲಿ ಸಿಗುತ್ತದೆ, 0.9% ಅಂತ ಬರೆದಿರುತ್ತದೆ. ತೆರೆದದ್ದು 24 ಗಂಟೆ ಮಾತ್ರ, ಉಳಿದದ್ದನ್ನು ಚೆಲ್ಲಿ. 5 ಎಂಎಲ್ ಸಿರಿಂಜಿನಲ್ಲಿ ಎಳೆದುಕೊಂಡು ಸೂಜಿ ತೆಗೆದುಹಾಕಿ. ರೋಗಿ ಕೂತಿರಲಿ. ಉಸಿರು ಒಳಗೆ ಎಳೆಯುವ ಹೊತ್ತಿಗೆ 2ರಿಂದ 3 ಎಂಎಲ್ ಹನಿ ಹನಿಯಾಗಿ ರಂಧ್ರಕ್ಕೆ ಬಿಡಿ. ಕೆಮ್ಮು ಬಂದೇ ಬರುತ್ತದೆ, ಬರಬೇಕು ಕೂಡ. ಕೆಮ್ಮಿದಾಗ ಕಫ ಬಾಯಿಂದಲ್ಲ, ಕುತ್ತಿಗೆಯಿಂದ ಹಾರುತ್ತದೆ. ಬಾಯಿಗೆ ಕರ್ಚೀಫು ಹಿಡಿಯುವ ಅಭ್ಯಾಸ ಬಿಡಿಸಿ, ಕುತ್ತಿಗೆಗೆ ಹಿಡಿಸಿ. ಬೆಳಿಗ್ಗೆ ಎದ್ದ ತಕ್ಷಣ, ಮಲಗುವ ಮುಂಚೆ, ನಡುವೆ ಎರಡು ಮೂರು ಸಲ ಹೀಗೆ ಮಾಡಿದರೆ ಸಾಕು.

ಇದರ ಜೊತೆಗೆ ನೆಬ್ಯುಲೈಸರಿನಲ್ಲಿ 3ರಿಂದ 4 ಎಂಎಲ್ ಬರಿಯ ಸಲೈನ್, ದಿನಕ್ಕೆ 3 ಅಥವಾ 4 ಸಲ. ಮಾಸ್ಕ್ ಮೂಗಿಗಲ್ಲ, ಕುತ್ತಿಗೆಗೆ! ಇದನ್ನು ಎಷ್ಟು ಸಲ ಹೇಳಿದರೂ ನೆಂಟರು ಮರೆಯುತ್ತಾರೆ. ಕುತ್ತಿಗೆಯ ರಂಧ್ರಕ್ಕೆಂದೇ ಬರುವ ಟ್ರೇಕಿಯಾಸ್ಟಮಿ ಮಾಸ್ಕ್ ಸಿಗದಿದ್ದರೆ ಮಕ್ಕಳ ಮಾಸ್ಕ್ ಕುತ್ತಿಗೆಯ ಮೇಲೆ ಸರಿಯಾಗಿ ಕೂರುತ್ತದೆ.

ಹಕ್ಕಳೆ ತೆಗೆಯುವ ಕ್ರಮ: ಮೊದಲು ಸಲೈನ್ ಬಿಟ್ಟು 5 ನಿಮಿಷ ನೆನೆಯಲಿ. ಆಮೇಲೆ ಟಾರ್ಚ್ ಹಿಡಿದು, ಕಣ್ಣಿಗೆ ಕಾಣುವುದನ್ನು ಮಾತ್ರ ಮೊಂಡು ತುದಿಯ ಬಾಗಿದ ಚಿಮಟಿಗೆಯಿಂದ ತೆಗೆಯಿರಿ. ಒಣಗಿದ್ದನ್ನು ಕಿತ್ತರೆ ಒಳಪೊರೆ ಸುಲಿದು ರಕ್ತ ಬರುತ್ತದೆ, ಆ ರಕ್ತ ಒಣಗಿ ಇನ್ನೂ ದೊಡ್ಡ ಹಕ್ಕಳೆ ಆಗುತ್ತದೆ. ಹತ್ತಿ, ಟಿಶ್ಯೂ ಪೇಪರ್ ರಂಧ್ರದ ಹತ್ತಿರ ತರಲೇಬೇಡಿ, ಎಳೆ ಬಿಟ್ಟು ಒಳಗೆ ಹೋಗುತ್ತದೆ. ಸುತ್ತ ಒರೆಸಲು ಗಾಜ್ ಬಟ್ಟೆ.

ಸಿಲಿಕಾನ್ ಟ್ಯೂಬನ್ನು ದಿನಕ್ಕೆ ಎರಡು ಸಲವಾದರೂ ತೆಗೆದು ತೊಳೆಯಬೇಕು. ನಿಮ್ಮ ಆಸ್ಪತ್ರೆಯವರು ಇನ್ನೂ ತೆಗೆಯಬೇಡಿ ಎಂದಿದ್ದರೆ ಅವರ ಮಾತೇ ನಡೆಯಲಿ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಟ್ಯೂಬಿನ ಬ್ರಷ್. ಬೆಳಕಿಗೆ ಹಿಡಿದು ಒಳಗೆ ಏನೂ ಅಂಟಿಲ್ಲ ಎಂದು ನೋಡಿ. ನೀರಿನಲ್ಲಿ ಕರಗುವ ಜೆಲ್ಲಿಯನ್ನು ಟ್ಯೂಬಿನ ತುದಿಗೆ ಚೂರು ಸವರಿ, ಉಸಿರು ಎಳೆಯುವಾಗ ಮೊದಲು ಹಿಂದಕ್ಕೆ ಆಮೇಲೆ ಕೆಳಕ್ಕೆ ಜಾರಿಸಿ. ವ್ಯಾಸಲೀನ್ ಬೇಡ. ಕಟ್ಟುವ ಪಟ್ಟಿಯ ಒಳಗೆ ಎರಡು ಬೆರಳು ಹೋಗಬೇಕು. ಟ್ಯೂಬು ಹೊರಗೆ ಬಂತು ಅಂತ ಗಾಬರಿ ಬೇಡ. ಧ್ವನಿಪೆಟ್ಟಿಗೆ ಇರುವವರಿಗೆ ಉಸಿರಿಗಾಗಿ ಕುತ್ತಿಗೆಯಲ್ಲಿ ಮಾಡುವ ಸಾಮಾನ್ಯ ಟ್ರೇಕಿಯಾಸ್ಟಮಿ ರಂಧ್ರದಂತೆ ಇದು ತಕ್ಷಣ ಮುಚ್ಚಿಕೊಳ್ಳುವುದಿಲ್ಲ. ಆದರೆ ಈ ದಿನಗಳಲ್ಲಿ ದಿನಗಟ್ಟಲೆ ಹಾಕದೆ ಬಿಟ್ಟರೆ ರಂಧ್ರ ಕಿರಿದಾಗುತ್ತದೆ, ಆಮೇಲೆ ಅದೇ ಟ್ಯೂಬು ಹೋಗುವುದಿಲ್ಲ. ಒಂದು ಸೈಜ್ ಚಿಕ್ಕದು ಮನೆಯಲ್ಲಿ ಇರಲಿ.

ಕಫ ಎಳೆಯುವ ಸಕ್ಷನ್ ಮೆಷಿನ್ ಬಾಡಿಗೆಗೆ ತಂದಿದ್ದರೆ: ಕೆಮ್ಮಿ ತೆಗೆಯಲಾಗದಿದ್ದಾಗ ಮಾತ್ರ. ಒತ್ತಡ 100ರಿಂದ 120 ಎಂಎಂ ಪಾದರಸ, ಕ್ಯಾತಿಟರ್ (ಒಳಗೆ ಬಿಡುವ ತೆಳು ಕೊಳವೆ) 12 ಸೈಜ್. ಒಳಗೆ ಹೋಗುವಾಗ ಎಳೆತ ಇರಬಾರದು, ಹೊರಗೆ ತರುವಾಗ ಮಾತ್ರ ಕ್ಯಾತಿಟರಿನ ಪಕ್ಕದ ತೂತನ್ನು ಹೆಬ್ಬೆರಳಿಂದ ಮುಚ್ಚಿ. ಒಟ್ಟು 10 ಸೆಕೆಂಡು. ಟ್ಯೂಬಿನ ಉದ್ದಕ್ಕಿಂತ ಹೆಚ್ಚು ಒಳಗೆ ತೂರಬೇಡಿ. ಗಂಟೆಗೊಮ್ಮೆ ಸಕ್ಷನ್ ಮಾಡಿದರೆ ಕಫ ಕಡಿಮೆಯಾಗುವುದಿಲ್ಲ, ಒಳಗೆ ಕೆರಳಿ ಹೆಚ್ಚಾಗುತ್ತದೆ.

ರಂಧ್ರದ ಮುಂದೆ ನಾಲ್ಕು ಮಡಿಕೆಯ ಮಲ್ ಬಟ್ಟೆ, ಒದ್ದೆ ಮಾಡಿ ಹಿಂಡಿದ್ದು, ಎದೆಪಟ್ಟಿಯಂತೆ ಇಳಿಬಿಡಿ. ಒಣಗಿದಂತೆಲ್ಲ ಬದಲಿಸಿ. ಗಾಯ ಒಣಗಿದ ಮೇಲೆ ಎಚ್‌ಎಂಇ ಎಂಬ ಚಿಕ್ಕ ಫಿಲ್ಟರ್ ಬರುತ್ತದೆ. ಹೊರಬರುವ ಉಸಿರಿನ ತೇವ, ಬಿಸಿಯನ್ನು ಹಿಡಿದಿಟ್ಟು ಒಳ ಹೋಗುವ ಗಾಳಿಗೆ ಕೊಡುತ್ತದೆ. ಹಗಲು ರಾತ್ರಿ ಹಾಕಿಕೊಂಡರೆ ಕೆಲವು ವಾರಗಳಲ್ಲಿ ಕಫ ಕಡಿಮೆಯಾಗುವುದು ಗೊತ್ತಾಗುತ್ತದೆ. ದಿನಕ್ಕೊಂದು ಬೇಕು, ತೊಳೆದು ಮತ್ತೆ ಬಳಸುವಂಥದ್ದಲ್ಲ. ಹಾಗಾಗಿ ಖರ್ಚಿದೆ.

ಮಲೆನಾಡ_ಹೆಗಡೆ

ಬಿಸಿನೀರಿಗೆ ನೀಲಗಿರಿ ಎಣ್ಣೆ ನಾಲ್ಕು ಹನಿ ಹಾಕಿ ಆವಿ ಕೊಡಿ, ಕಫ ಕರಗುತ್ತದೆ.

ವಾರ್ಡ್_ಅಕ್ಕ

@ಮಲೆನಾಡ_ಹೆಗಡೆ ದಯವಿಟ್ಟು ಬೇಡ. ಮೂಗಿಗೆ ಹಿತವಾಗಿರುವ ನೀಲಗಿರಿ, ಕರ್ಪೂರ, ವಿಕ್ಸ್ ಇವು ಶ್ವಾಸನಾಳಕ್ಕೆ ನೇರವಾಗಿ ಹೋದರೆ ಉರಿ, ಬಿಗಿತ, ಬಿಡದ ಕೆಮ್ಮು. ಕುದಿಯುವ ಪಾತ್ರೆಯ ಮೇಲೆ ಕುತ್ತಿಗೆ ಬಗ್ಗಿಸಿದರೆ ಒಳಗೇ ಸುಡುತ್ತದೆ. ಕೋಣೆಯಲ್ಲಿ ತೇವ ಬೇಕಿದ್ದರೆ ಒದ್ದೆ ಪಂಚೆ ಹರವಿ ಸಾಕು. ಇನ್ನೊಂದು: ಮೆಣಸಿನಕಾಯಿ ಒಗ್ಗರಣೆ, ಊದುಬತ್ತಿ, ಸೊಳ್ಳೆ ಬತ್ತಿ, ಸೌದೆ ಒಲೆ, ಟಾಲ್ಕಂ ಪೌಡರ್, ಈ ಐದೂ ರೋಗಿ ಇರುವ ಕೋಣೆಯಿಂದ ದೂರ. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಗಡ್ಡ ಮಾಡುವಾಗ ರಂಧ್ರಕ್ಕೆ ಗಾಜ್ ಅಡ್ಡ ಇರಲಿ.

ಪಥ್ಯದ_ಪಾಠ

ಟ್ಯೂಬು ಕಟ್ಟಿಕೊಳ್ಳುವುದರ ಬಗ್ಗೆ. ರಾಗಿ ಕೆಟ್ಟದ್ದಲ್ಲ, ಬೇಯಿಸುವ ರೀತಿ ತಪ್ಪಿದರೆ ಆರುತ್ತಾ ಆರುತ್ತಾ ಅಂಟಾಗುತ್ತದೆ. ಗಂಜಿ ಬೆಂದು ಇಳಿಸಿದ ಮೇಲೆ, ಕುದಿ ನಿಂತು ಇನ್ನೂ ಚೆನ್ನಾಗಿ ಬಿಸಿಯಿರುವಾಗಲೇ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟು 1 ಟೀ ಚಮಚ ಹಾಕಿ 10 ನಿಮಿಷ ತಿರುವಿ. ಮೊಳಕೆಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಮುದ್ದೆಯಂತಿದ್ದ ಗಂಜಿ ಕಣ್ಣೆದುರೇ ಮಜ್ಜಿಗೆಯಂತೆ ತೆಳ್ಳಗಾಗುತ್ತದೆ. ಆಮೇಲೆ ಮತ್ತೊಮ್ಮೆ ಒಂದು ಕುದಿ ಬರಿಸಿ. ಗಂಜಿ ಕುದಿಯುತ್ತಿರುವಾಗಲೇ ಆ ಹಿಟ್ಟು ಹಾಕಿದರೆ ಅಮೈಲೇಸ್ ಸತ್ತುಹೋಗುತ್ತದೆ, ಏನೂ ಪ್ರಯೋಜನವಿಲ್ಲ. ಅಂಗಡಿಯ ರಾಗಿ ಮಾಲ್ಟಿನಲ್ಲಿ ಬಹಳಷ್ಟು ಹುರಿದದ್ದು ಇರುತ್ತದೆ, ಅದು ಈ ಕೆಲಸಕ್ಕೆ ಬಾರದು. ನೀರು ಹೆಚ್ಚಿಗೆ ಸುರಿದು ತೆಳುಮಾಡುವವರೇ ಹೆಚ್ಚು. ಹೊಟ್ಟೆ ತುಂಬುತ್ತದೆ, ಶಕ್ತಿ ಸೇರುವುದಿಲ್ಲ, ರೇಡಿಯೇಷನ್ ಶುರುವಾಗುವ ಹೊತ್ತಿಗೆ ತೂಕ ಇಳಿದಿರುತ್ತದೆ.

55 ಕೆಜಿಗೆ ದಿನಕ್ಕೆ ಸುಮಾರು 1,650 ಕ್ಯಾಲೊರಿ, 65ರಿಂದ 80 ಗ್ರಾಂ ಪ್ರೋಟೀನ್ ಬೇಕು. ಶುಗರ್ ಇಲ್ಲದವರಿಗೆ ಒಂದು ದಿನದ ಲೆಕ್ಕ ಹೀಗೆ ಬರುತ್ತದೆ: ಟೋನ್ಡ್ ಹಾಲು 1 ಲೀಟರ್, ರಾಗಿ ಹಿಟ್ಟು 60 ಗ್ರಾಂ, ಅಕ್ಕಿ 60 ಗ್ರಾಂ, ಹೆಸರುಬೇಳೆ 60 ಗ್ರಾಂ, ಮೊಟ್ಟೆ 2, ಎಣ್ಣೆ 4 ಟೀ ಚಮಚ, ಸಕ್ಕರೆ 50 ಗ್ರಾಂ. ಒಟ್ಟು ಸುಮಾರು 1,700 ಕ್ಯಾಲೊರಿ, 65 ಗ್ರಾಂ ಪ್ರೋಟೀನ್. ಮೊಟ್ಟೆ ತಿನ್ನದವರು ಅದರ ಬದಲು ಹಾಲಿನ ಪುಡಿ ಅಥವಾ ಪ್ರೋಟೀನ್ ಪುಡಿ ಸೇರಿಸಿ. ಅಕ್ಕಿ, ಬೇಳೆ ಮೆತ್ತಗೆ ಬೇಯಿಸಿ ಮಿಕ್ಸಿಗೆ ಹಾಕಿ, ಟೀ ಜರಡಿಯಲ್ಲಿ ಒಮ್ಮೆ, ತೆಳು ಬಟ್ಟೆಯಲ್ಲಿ ಒಮ್ಮೆ ಸೋಸಿ. ಬೇಯಿಸಿದ ಮೊಟ್ಟೆಯ ಬಿಳಿ ಚೂರು ಟ್ಯೂಬಿಗೆ ದೊಡ್ಡ ಶತ್ರು, ಮಿಕ್ಸಿಯಲ್ಲಿ ಹಾಲಿನ ಜೊತೆ ನುಣ್ಣಗಾಗಲೇಬೇಕು. ಹಸಿ ಮೊಟ್ಟೆ ಬೇಡ.

ಹಾಕುವಾಗ ರೋಗಿ ಕೂತಿರಲಿ, ಕನಿಷ್ಠ ತಲೆದಿಂಬು ಏರಿಸಿ ಅರ್ಧ ಕೂತಂತೆ. ಶುರುಮಾಡುವ ಮುಂಚೆ ಮೂಗಿನ ಹತ್ತಿರ ಟ್ಯೂಬಿನ ಮೇಲಿನ ಗುರುತು ಮೊನ್ನೆಯ ಜಾಗದಲ್ಲೇ ಇದೆಯೇ ನೋಡಿ. 30 ಎಂಎಲ್ ನೀರು, ಆಮೇಲೆ 200ರಿಂದ 250 ಎಂಎಲ್ ಆಹಾರ, ಮತ್ತೆ 30 ಎಂಎಲ್ ನೀರು. 50 ಎಂಎಲ್ ಸಿರಿಂಜಿನ ದಂಡ ತೆಗೆದು, ಹೊಟ್ಟೆಗಿಂತ ಒಂದೂವರೆ ಅಡಿ ಮೇಲೆ ಹಿಡಿದು ತಾನಾಗಿ ಇಳಿಯಲು ಬಿಡಿ. 15 ನಿಮಿಷ ಹಿಡಿಯಬೇಕು. ದಂಡದಿಂದ ಒತ್ತಿದರೆ ಹೊಟ್ಟೆಯುಬ್ಬರ, ವಾಂತಿ, ಭೇದಿ. ಈ ಹೊತ್ತಿನಲ್ಲಿ ವಾಂತಿಯಾದರೆ ಒಳಗಿನ ಹೊಲಿಗೆಗೇ ಒತ್ತಡ. ಮುಗಿದ ಮೇಲೆ ಮುಕ್ಕಾಲು ಗಂಟೆ ಮಲಗಿಸಬೇಡಿ.

ಮಾತ್ರೆಗಳು ಟ್ಯೂಬು ಕಟ್ಟಿಕೊಳ್ಳಲು ಇನ್ನೊಂದು ಕಾರಣ. ಒಂದೊಂದನ್ನೇ ನುಣ್ಣಗೆ ಪುಡಿಮಾಡಿ, ನೀರಲ್ಲಿ ಕದಡಿ, ನಡುನಡುವೆ 10 ಎಂಎಲ್ ನೀರು. ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಎಲ್ ಅಂತಿರುವುದು ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆ, ಅದನ್ನು ಪುಡಿಮಾಡುವಂತಿಲ್ಲ, ಡಾಕ್ಟರ ಬಳಿ ಸಿರಪ್ ಬರೆಸಿಕೊಳ್ಳಿ. ಕಟ್ಟಿಕೊಂಡರೆ ಉಗುರುಬೆಚ್ಚಗಿನ ನೀರು 20 ಎಂಎಲ್ ಹಾಕಿ ಸಿರಿಂಜನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ, 10 ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಕೋಲಾ ಹಾಕುವ ಉಪಾಯ ಹೇಳುವವರಿದ್ದಾರೆ. ಹಾಲು ಇರುವ ಟ್ಯೂಬಿಗೆ ಹುಳಿ ಬಿದ್ದರೆ ಒಡೆದು ಇನ್ನಷ್ಟು ಬಿಗಿಯುತ್ತದೆ. ಕಡ್ಡಿ, ತಂತಿ ತೂರಿಸಬೇಡಿ.

ಮಲಬದ್ಧತೆಗೂ ಈಗಿನಿಂದಲೇ ನೋಡಿಕೊಳ್ಳಿ. ಧ್ವನಿಪೆಟ್ಟಿಗೆ ಇಲ್ಲದವರು ಉಸಿರು ಬಿಗಿಹಿಡಿದು ಮುಕ್ಕಲಾರರು, ಹಿಡಿದ ಗಾಳಿ ಕುತ್ತಿಗೆಯಿಂದ ಹೊರಟುಹೋಗುತ್ತದೆ. ಹೃದಯ, ಕಿಡ್ನಿ ತೊಂದರೆ ಇಲ್ಲದಿದ್ದರೆ ಎಲ್ಲ ಸೇರಿ ದಿನಕ್ಕೆ 2ರಿಂದ 2.5 ಲೀಟರ್ ದ್ರವ ಹೋಗಲಿ. ಕಫ ತೆಳ್ಳಗಾಗಲೂ ಅದೇ ಮದ್ದು. ಇಸಬ್ಗೋಲ್ ಟ್ಯೂಬಿಗೆ ಹಾಕಬೇಡಿ, ಒಳಗೇ ಉಬ್ಬಿ ಮುಚ್ಚುತ್ತದೆ.

ಹೊನ್ನಾಳಿ_ಸೀಮೆ

ತುಂಬಾ ಉಪಕಾರ. ಮೊಳಕೆ ರಾಗಿ ವಿಷಯ ಯಾರೂ ಹೇಳಿರಲಿಲ್ಲ. ಇಂದು ಬೆಳಿಗ್ಗೆ ಕಫದಲ್ಲಿ ಕೆಂಪು ಗೆರೆ ಕಂಡಿತು, ಇದು ಯಾವ ಲೆಕ್ಕ? ಮೂಗಿನ ಟ್ಯೂಬು ಅಕಸ್ಮಾತ್ ಹೊರಬಂದರೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹಾಕಿಸಬಹುದೇ?

ವಾರ್ಡ್_ಅಕ್ಕ

ಎರಡನೆಯದಕ್ಕೆ ಮೊದಲು ಉತ್ತರ: ಹಾಕಿಸಬೇಡಿ. ಗಂಟಲಿನ ಒಳಗೆ ಹೊಸ ಹೊಲಿಗೆ ಇದೆ. ಕಾಣದೆ ತೂರಿಸಿದ ಟ್ಯೂಬು ಆ ಹೊಲಿಗೆಯನ್ನೇ ಸೀಳಿ ಹೋಗಬಹುದು. ಪೂರ್ತಿ ಬಂದರೂ ಅರ್ಧ ಬಂದರೂ ಏನೂ ಹಾಕದೆ, ಬಾಯಿಂದಲೂ ಕೊಡದೆ, ಆಪರೇಷನ್ ಮಾಡಿದ ತಂಡಕ್ಕೆ ಫೋನ್ ಮಾಡಿ. ಕೆಲವು ಗಂಟೆ ಉಪವಾಸದಿಂದ ಅಪಾಯವಿಲ್ಲ.

ಕಫದಲ್ಲಿ ಎಳೆಯಂಥ ಕೆಂಪು ಗೆರೆ ಒಣಗಿದ್ದರಿಂದ, ಅಥವಾ ಸಕ್ಷನ್ ತಾಗಿ. ಸಲೈನ್ ಹೆಚ್ಚಿಸಿ ನೋಡಿ, ಎರಡು ದಿನದಲ್ಲಿ ನಿಲ್ಲದಿದ್ದರೆ ತೋರಿಸಿ.

ಬೇರೆಯದೇ ಲೆಕ್ಕ ಯಾವುದೆಂದರೆ ಕುತ್ತಿಗೆಯ ಗಾಯದಿಂದಾಗಲಿ, ಬಾಯಿಂದಾಗಲಿ, ರಂಧ್ರದಿಂದಾಗಲಿ ಹಸಿ ಕೆಂಪು ರಕ್ತ ಬರುವುದು. ಸ್ವಲ್ಪವೇ ಬಂದು ತಾನಾಗಿ ನಿಂತರೂ ಸರಿಯೇ. ಕುತ್ತಿಗೆಯ ದೊಡ್ಡ ರಕ್ತನಾಳ ಸವೆಯುತ್ತಿದ್ದರೆ ದೊಡ್ಡ ಸ್ರಾವಕ್ಕೆ ಮುಂಚೆ ಇಂಥ ಚಿಕ್ಕ ಸ್ರಾವ ಆಗುತ್ತದೆ. "ನಿಂತುಹೋಯ್ತಲ್ಲ" ಅಂತ ಮಲಗಬೇಡಿ, 108 ಕರೆದು ಹೊರಡಿ. ಬಟ್ಟೆ ಅದುಮಿ ಹಿಡಿಯಿರಿ, ರಂಧ್ರ ಮಾತ್ರ ತೆರೆದಿರಲಿ. ಸಲೈನ್, ಸಕ್ಷನ್ ಎರಡೂ ಮಾಡಿದ ಮೇಲೂ ಉಸಿರಾಟಕ್ಕೆ ಒದ್ದಾಟವಿದ್ದರೆ, ಶಿಳ್ಳೆ ನಿಲ್ಲದಿದ್ದರೆ ಅದೂ 108ರ ಕೇಸೇ.

ಅದೇ ದಿನ ತೋರಿಸಬೇಕಾದದ್ದು: ಕುತ್ತಿಗೆಯ ಚರ್ಮ ಕೆಂಪಾಗಿ ಊದಿ ಬಿಸಿಯಾಗಿರುವುದು, ಜ್ವರ, ಹೊಲಿಗೆಯಿಂದ ನಾರುವ ನೀರು. ಉಗುಳು ನುಂಗಿದಾಗ ಗಾಯದಿಂದ ಜಿನುಗಿದರೆ ಅದು ಫಿಸ್ಟುಲಾ, ಅಂದರೆ ಒಳಗಿನ ಹೊಲಿಗೆ ಬಿಟ್ಟು ಗಂಟಲಿನಿಂದ ಚರ್ಮಕ್ಕೆ ದಾರಿಯಾಗಿದೆ. ಹೆಚ್ಚಿನವು ಬಾಯಿಯ ಊಟ ಮುಂದೂಡಿ, ಡ್ರೆಸಿಂಗ್ ಮಾಡಿದರೆ ತಾನಾಗಿ ಕೂಡುತ್ತವೆ, ಆದರೆ ತಡವಾಗಿ ಗೊತ್ತಾದದ್ದೇ ರಕ್ತನಾಳದ ತನಕ ಹೋಗುತ್ತದೆ. ತುಟಿ, ಬೆರಳು ಜುಮ್ಮೆಂದು ಸ್ನಾಯು ಸೆಳೆದರೆ ಕ್ಯಾಲ್ಸಿಯಂ ಇಳಿದಿರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಜೇಬಿನಲ್ಲಿ ಒಂದು ಚೀಟಿ, ಮೊಬೈಲಿನ ಮುಖಪುಟದಲ್ಲೂ ಅದೇ: "ನಾನು ಕುತ್ತಿಗೆಯ ರಂಧ್ರದಿಂದ ಮಾತ್ರ ಉಸಿರಾಡುತ್ತೇನೆ. ಆಮ್ಲಜನಕ ಇಲ್ಲಿಗೆ ಕೊಡಿ. ಬಾಯಿಂದ ಟ್ಯೂಬು ಹಾಕಲಾಗದು." ಆಂಬುಲೆನ್ಸಿನವರೂ ಅವಸರದಲ್ಲಿ ಮೂಗಿಗೆ ಮಾಸ್ಕ್ ಇಡುವುದುಂಟು.

ನುಡಿಚಿಕಿತ್ಸೆ_ಮೈಸೂರು

ಮಾತಿನ ಬಗ್ಗೆ. ಮೂರು ದಾರಿಗಳಿವೆ, ಒಂದನ್ನು ಹಿಡಿದರೆ ಇನ್ನೊಂದು ಮುಚ್ಚುವುದಿಲ್ಲ.

ಈಗಲೇ ಆಗುವಂಥದ್ದು ಎಲೆಕ್ಟ್ರೋಲ್ಯಾರಿಂಕ್ಸ್, ಟಾರ್ಚಿನ ಗಾತ್ರದ ಕಂಪಿಸುವ ಯಂತ್ರ. ಕುತ್ತಿಗೆ ಊದಿ ನೋವಿರುವಾಗ ಅಲ್ಲಿಡಬೇಡಿ, ಜೊತೆಗೆ ಬರುವ ಚಿಕ್ಕ ಕೊಳವೆಯನ್ನು ಬಾಯಿಯ ಮೂಲೆಯಲ್ಲಿ ನಾಲಿಗೆಯ ಮೇಲೆ ಒಂದೂವರೆ ಇಂಚು ಒಳಗಿಟ್ಟು ಮಾತಾಡಬಹುದು. ಗಾಯ ಆರಿದ ಮೇಲೆ ದವಡೆಯ ಕೆಳಗೆ ಮೆತ್ತಗಿರುವ ಜಾಗ ಹುಡುಕಬೇಕು. "ಆ" ಅನ್ನುತ್ತಾ ಒಂದೊಂದು ಬೆರಳು ಸರಿಸುತ್ತಾ ಹೋದರೆ ಒಂದು ಕಡೆ ಸದ್ದು ಹೊರಗೆ ಝೇಂಕರಿಸದೆ ಬಾಯಿಂದ ಬರುತ್ತದೆ, ಅದೇ ಜಾಗ. ಯಂತ್ರದ ಮುಖ ಚರ್ಮಕ್ಕೆ ಪೂರ್ತಿ ಒತ್ತಿರಬೇಕು. ರೇಡಿಯೇಷನ್ ಆದ ಮೇಲೆ ಕುತ್ತಿಗೆ ಗಟ್ಟಿಯಾದರೆ ಕೆನ್ನೆಗೆ ಇಡಿ. ಬರೆಯುವ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಹಿಡಿಯುವುದು ರೂಢಿಯಾಗಲಿ. ಮೂರು ನಾಲ್ಕು ಪದ ಆಡಿ ಗುಂಡಿ ಬಿಡಿ, ಮತ್ತೆ ಒತ್ತಿ. ಶ್ವಾಸ ನೂಕುವ ಅಗತ್ಯವೇ ಇಲ್ಲ. ನೂಕಿದರೆ ಕುತ್ತಿಗೆಯ ರಂಧ್ರದ ಬುಸ್ ಸದ್ದಿನಲ್ಲಿ ಮಾತು ಮುಚ್ಚಿಹೋಗುತ್ತದೆ.

ಯಂತ್ರ ಸದಾ ಕಂಪಿಸುತ್ತಿರುವುದರಿಂದ ಪ, ತ, ಕ ಕೇಳುವವರಿಗೆ ಬ, ದ, ಗ ಆಗುತ್ತವೆ. ಪಾಪು ಎಂದರೆ ಬಾಬು ಎಂದು ಕೇಳುತ್ತದೆ. ಹಕಾರಕ್ಕೆ ಎದೆಯ ಗಾಳಿ ಬೇಕು, ಅದಿಲ್ಲ. ಹಾಲು ಆಲು ಆಗುತ್ತದೆ, ಹಣ ಅಣ ಆಗುತ್ತದೆ. ಹಕಾರವನ್ನು ತಿದ್ದಲು ಹೋಗಬೇಡಿ, ನಮ್ಮಲ್ಲಿ ಎಷ್ಟೋ ಸೀಮೆಯ ಮಾತಿನಲ್ಲಿ ಹೇಗೂ ಅದಿಲ್ಲ. ಪ, ತ, ಕಗಳಿಗೆ ಉಪಾಯವಿದೆ. ತುಟಿ ಅಥವಾ ನಾಲಿಗೆ ಮುಚ್ಚಿ ಬಾಯೊಳಗಿನ ಗಾಳಿಯನ್ನೇ ಒತ್ತಿ ಫಟ್ಟೆಂದು ಬಿಡಬೇಕು. ಮನೆಯವರು ಎದುರು ಕೂತು ತುಟಿ ನೋಡಿಕೊಂಡು ಕೇಳಿ, ಟಿವಿ ಆರಿಸಿ. ಮತ್ತೆ, ರೋಗಿ ವಾಕ್ಯ ಮುಗಿಸುವ ಮುಂಚೆ ನೀವೇ ಮುಗಿಸಬೇಡಿ. ಅಭ್ಯಾಸ ನಿಂತುಹೋಗಲು ಮುಖ್ಯ ಕಾರಣ ಅದೇ.

ಎರಡನೆಯದು ಅನ್ನನಾಳದ ಮಾತು. ಯಂತ್ರ ಬೇಡ, ಖರ್ಚಿಲ್ಲ, ತಿಂಗಳುಗಟ್ಟಲೆ ಸಾಧನೆ ಬೇಕು, ಎಲ್ಲರಿಗೂ ಒಲಿಯುವುದಿಲ್ಲ. ಬಾಯಿಯ ಗಾಳಿಯನ್ನು ಅನ್ನನಾಳದ ಮೇಲ್ಭಾಗಕ್ಕೆ ಒತ್ತಿ, ತೇಗಿನಂತೆ ಹೊರಬಿಟ್ಟು ಮಾತಾಗಿಸುವುದು. ಗಾಳಿ ಒಳಗೆ ಒತ್ತಲು ಪ, ತ, ಕ ನೆರವಾಗುತ್ತವೆ, ಅದಕ್ಕೇ ಪಟ, ತಟ್ಟೆ, ಕಪ್ಪು ಇಂಥ ಪದಗಳಿಂದ ಶುರು ಮಾಡಿಸುತ್ತೇವೆ. ಬಾಯಿಯ ಊಟ ಶುರುವಾಗಿ ಸರ್ಜನ್ ಒಪ್ಪುವ ತನಕ ಇದಕ್ಕೆ ಕೈಹಾಕಬೇಡಿ.

ಮೂರನೆಯದು ವಾಲ್ವ್, ಅಂದರೆ ವಾಯ್ಸ್ ಪ್ರೋಸ್ಥೆಸಿಸ್. ಶ್ವಾಸನಾಳ, ಅನ್ನನಾಳದ ನಡುವಿನ ಗೋಡೆಯಲ್ಲಿ ಕೂರಿಸುವ ಒಮ್ಮುಖದ ಸಿಲಿಕಾನ್ ಕವಾಟ. ರಂಧ್ರವನ್ನು ಬೆರಳಿಂದ ಮುಚ್ಚಿದರೆ ಶ್ವಾಸಕೋಶದ ಗಾಳಿಯೇ ಅನ್ನನಾಳಕ್ಕೆ ಹೋಗಿ ದನಿಯಾಗುತ್ತದೆ. ಮೂರರಲ್ಲಿ ಸಹಜ ಮಾತಿಗೆ ಹತ್ತಿರವಾದದ್ದು ಇದೇ. ಆದರೆ ಇದು ಒಮ್ಮೆ ಹಾಕಿ ಮರೆಯುವಂಥದ್ದಲ್ಲ. ಕ್ಯಾಂಡಿಡಾ ಶಿಲೀಂಧ್ರ ಬೆಳೆದು ಕವಾಟ ಸೋರುತ್ತದೆ, ಹೆಚ್ಚಿನವರಿಗೆ 3ರಿಂದ 6 ತಿಂಗಳಲ್ಲಿ ಬದಲಿಸಬೇಕಾಗುತ್ತದೆ. ದಿನಕ್ಕೆ ಎರಡು ಸಲ ಬ್ರಷ್ ಬೇಕು. ನೀರು ಕುಡಿದಾಗ ಕೆಮ್ಮು ಬಂದರೆ ಬಣ್ಣದ ನೀರು ಕುಡಿಸಿ ಟಾರ್ಚಿನಲ್ಲಿ ನೋಡಿ. ಕವಾಟದ ನಡುವಿನಿಂದ ಜಿನುಗಿದರೆ ಕವಾಟ ಹಳತಾಗಿದೆ, ಸುತ್ತಲಿನಿಂದ ಜಿನುಗಿದರೆ ಅಳತೆ ಸರಿಯಿಲ್ಲ ಅಥವಾ ರಂಧ್ರ ದೊಡ್ಡದಾಗಿದೆ. ಕವಾಟ ಕಳಚಿ ಬಿದ್ದರೆ ಆ ರಂಧ್ರ ಗಂಟೆಗಳಲ್ಲಿ ಮುಚ್ಚಿಕೊಳ್ಳುತ್ತದೆ, ಮೊದಲೇ ಕಲಿಸಿಕೊಟ್ಟ ಹಾಗೆ ರಬ್ಬರ್ ಕ್ಯಾತಿಟರ್ ತೂರಿಸಿಕೊಂಡು ಹೊರಡಬೇಕು. ಬಿದ್ದ ಕವಾಟ ಕೈಗೆ ಸಿಗದಿದ್ದರೆ ಎದೆಯ ಎಕ್ಸ್‌ರೇ ಕಡ್ಡಾಯ.

ವಾಲ್ವ್ ಬದಲಿಸುವ ಆಸ್ಪತ್ರೆ ಅರ್ಧ ದಿನದ ದಾರಿಯಾದರೆ ನನ್ನ ಸಲಹೆ ಮೊದಲು ಎಲೆಕ್ಟ್ರೋಲ್ಯಾರಿಂಕ್ಸ್. ಆಮದು ವಾಲ್ವ್‌ಗಳ ಬೆಲೆ ಸಾವಿರಾರು ರೂಪಾಯಿ. ಬೆಂಗಳೂರಿನ ಸರ್ಜನ್ ಡಾ. ವಿಶಾಲ್ ರಾವ್ ಮತ್ತು ಶಶಾಂಕ್ ಮಹೇಶ್ ಸೇರಿ ರೂಪಿಸಿದ "ಓಂ" ಎಂಬ ವಾಲ್ವ್ 50 ರೂಪಾಯಿಯ ಬೆಲೆಯಿಂದಲೇ ಸುದ್ದಿಯಾಯಿತು, ನಿಮ್ಮ ಸರ್ಜನ್ ಬಳಿ ಕೇಳಿ ನೋಡಿ. ಮಾತಿನ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕಡತ_ಕಟ್ಟು

ಕಾಗದದ ವಿಚಾರ ಚುಟುಕಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ವಾಕ್ ಮತ್ತು ಭಾಷಾ ವೈಕಲ್ಯದ ವ್ಯಾಖ್ಯೆಯಲ್ಲೇ ಲ್ಯಾರಿಂಜೆಕ್ಟಮಿ ಎಂಬ ಹೆಸರಿದೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. "ಮಾತು ಬರುವುದಿಲ್ಲ" ಎಂದಷ್ಟೇ ಬರೆದ ಚೀಟಿ ಸಾಲದು, ಡಿಸ್ಚಾರ್ಜ್ ಸಮರಿಯಲ್ಲಿ "ಟೋಟಲ್ ಲ್ಯಾರಿಂಜೆಕ್ಟಮಿ" ಎಂದು ಸ್ಪಷ್ಟವಾಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜಿನ 30%, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ರೇಡಿಯೇಷನ್ನಿಗೂ ಬಳಸಬಹುದು, ಆದರೆ ಶುರುಮಾಡುವ ಮುಂಚೆ ಅನುಮತಿ ಪಡೆಯಬೇಕು. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲ್ವೆ ರಿಯಾಯಿತಿಯೂ ಇದೆ, ಆಸ್ಪತ್ರೆಯಲ್ಲೇ ಫಾರಂ ತುಂಬಿಸಿಕೊಳ್ಳಿ.

ನುಡಿಚಿಕಿತ್ಸೆ_ಮೈಸೂರು

ರೇಡಿಯೇಷನ್ ಎಂದಾಗ ನೆನಪಾಯಿತು. ಸಾಮಾನ್ಯವಾಗಿ ಆಪರೇಷನ್ ಆದ 6 ವಾರದೊಳಗೆ ಶುರುವಾಗಬೇಕು, ತಡಮಾಡಬೇಡಿ. ಅದಕ್ಕೂ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳಬೇಕಾದ್ದಿದ್ದರೆ ಈಗಲೇ. ಆಮೇಲೆ ಕಿತ್ತರೆ ದವಡೆಯ ಮೂಳೆ ಆರದೆ ಹೋಗಬಹುದು. ಲೋಹದ ಕುತ್ತಿಗೆ ಟ್ಯೂಬಿದ್ದರೆ ಆ ವಾರಗಳಲ್ಲಿ ಪ್ಲಾಸ್ಟಿಕ್ ಅಥವಾ ಸಿಲಿಕಾನ್ ಮಾತ್ರ. ಥೈರಾಯ್ಡ್ ಕುಗ್ಗುವುದು ಬಹಳ ಸಾಮಾನ್ಯ, 6 ತಿಂಗಳಿಗೊಮ್ಮೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿ.

ಮೂಗಿನಿಂದ ಗಾಳಿ ಹೋಗದ ಕಾರಣ ವಾಸನೆಯೂ ಹೋಗಿರುತ್ತದೆ. ಅಡುಗೆಮನೆಯಲ್ಲಿ ಗ್ಯಾಸ್ ಅಲಾರಂ ಹಾಕಿಸಿ, ನೆಲದಿಂದ ಒಂದಡಿ ಎತ್ತರದಲ್ಲಿ, ಏಕೆಂದರೆ ಎಲ್‌ಪಿಜಿ ಗಾಳಿಗಿಂತ ಭಾರ. ವಾಸನೆ ಮರಳಿಸುವ ಅಭ್ಯಾಸವೂ ಇದೆ: ತುಟಿ ಮುಚ್ಚಿಕೊಂಡೇ, ಸಭೆಯಲ್ಲಿ ಆಕಳಿಕೆ ಅಡಗಿಸುವವರಂತೆ ದವಡೆ, ನಾಲಿಗೆ ಕೆಳಗಿಳಿಸಿದರೆ ಮೂಗಿನಿಂದ ಚೂರು ಗಾಳಿ ಒಳಗೆ ಬರುತ್ತದೆ. ಬಾಯಿಯ ಊಟ ಶುರುವಾದ ಮೇಲೆ ಊಟಕ್ಕೆ ಮುಂಚೆ ಹತ್ತು ಸಲ.

ಹೊನ್ನಾಳಿ_ಸೀಮೆ

ಕೊನೆಯದೊಂದು. ಸ್ನಾನ ಹೇಗೆ? ಬಲಗೈ ಭುಜದ ಮೇಲಕ್ಕೆ ಏಳುತ್ತಿಲ್ಲ, ತಲೆಗೆ ನೀರು ಹಾಕಿಕೊಳ್ಳಲಾಗುತ್ತಿಲ್ಲ.

ವಾರ್ಡ್_ಅಕ್ಕ

ಕೈ ಏಳದಿರುವುದು ಗಂಟು ತೆಗೆಯುವಾಗ ಭುಜದ ನರಕ್ಕೆ ಎಳೆತ ಬಿದ್ದದ್ದರಿಂದ. ನರ ಉಳಿಸಿದ್ದರೆ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅಷ್ಟರಲ್ಲಿ ಭುಜ ಬಿಗಿಯದಂತೆ ನೋಡಿಕೊಳ್ಳಬೇಕು. ಸರ್ಜನ್ ಒಪ್ಪಿದ ಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುವುದು, ಮಲಗಿಕೊಂಡು ಎಡಗೈಯಿಂದ ಬಲಗೈ ಎತ್ತುವುದು, 10ರಂತೆ ದಿನಕ್ಕೆ ಮೂರು ಸಲ. ಬಿಂದಿಗೆ ಎತ್ತುವುದು ಬೇಡ. ಮಲಗುವಾಗ ಆ ಕೈಕೆಳಗೆ ದಿಂಬು.

ಸ್ನಾನ ಸ್ಟೂಲಿನ ಮೇಲೆ ಕೂತು, ಚೆಂಬಿನಿಂದ ಎದೆಯ ಕೆಳಗೆ ಮಾತ್ರ. ಕುತ್ತಿಗೆ ಒದ್ದೆ ಬಟ್ಟೆಯಲ್ಲಿ ಒರೆಸಿ. ತಲೆಗೆ ನೀರು ಬೇರೆಯವರೇ ಹಾಕಲಿ: ರೋಗಿ ಮುಂದಕ್ಕೆ ಬಾಗಿ, ಗದ್ದ ತಗ್ಗಿಸಿ, ರಂಧ್ರದ ಮೇಲೆ ಶವರ್ ಗಾರ್ಡ್ ಅಥವಾ ಉಸಿರಾಡಲು ಕೆಳಗೆ ತೆರೆದಿರುವ ಪ್ಲಾಸ್ಟಿಕ್ ಎದೆಪಟ್ಟಿ ಕಟ್ಟಿಕೊಂಡಿರಲಿ. ನೀರು ಹಿಂದಲೆಯಿಂದ ಹಣೆಯ ಕಡೆಗೆ ಹರಿಯಬೇಕು. ಒಂದು ಗುಟುಕು ಒಳಗೆ ಹೋದರೆ ತಕ್ಷಣ ಇನ್ನೂ ಮುಂದಕ್ಕೆ ಬಾಗಿಸಿ ಕೆಮ್ಮಿಸಿ. ಬೆನ್ನಿಗೆ ಗುದ್ದಬೇಡಿ. ಕೆರೆ, ಹೊಳೆ ಸ್ನಾನ ಇನ್ನು ಇಲ್ಲ. ತುಂಗಭದ್ರೆಯ ದಡದವರಿಗೆ ಇದನ್ನು ಒಪ್ಪಿಸುವುದು ಕಷ್ಟ ಅಂತ ಗೊತ್ತು, ಆದರೂ ಮೊಣಕಾಲ ನೀರಿಗಿಂತ ಮುಂದೆ ಬಿಡಬೇಡಿ.